ಉಜ್ಜಮ್ಮನ ಕೈಗೆ ಸಿಕ್ಕ ಮುಖ

ಆಸ್ಪತ್ರೆಯ ಮೆಟ್ಟಿಲು ಇಳಿಯುವಾಗಲೇ ನಾನು ತೀರ್ಮಾನ ಮಾಡಿಬಿಟ್ಟಿದ್ದೆ. ನನ್ನ ಯಜಮಾನರ ಮುಖದ ಗಾಯವನ್ನು ನಾನು ನೋಡಿಕೊಳ್ಳುವ ಚೆಂದ ಕಂಡು ಡಾಕ್ಟರು ಎದ್ದು ನಿಂತು ನನಗೆ ಕೈಮುಗಿಯಬೇಕು! ಆಮೇಲೆ ಅವರು ಕೈಮುಗಿದದ್ದೂ ನಿಜ. ಎದ್ದು ನಿಂತೇ ಮುಗಿದರು. ಯಾಕೆ ಅನ್ನುವುದನ್ನು ಹೇಳಲಿಕ್ಕೇ ಇಷ್ಟೆಲ್ಲ ಬರೆಯುತ್ತಿದ್ದೇನೆ.

ನನಗೆ ಓದು ಅಷ್ಟಕ್ಕಷ್ಟೇ. ಒಂದು ಸಾಲು ಕೂಡಿಸಿ ಓದುವಷ್ಟರಲ್ಲಿ ಒಲೆಯ ಮೇಲಿನ ಹಾಲು ಉಕ್ಕಿ ಹರಿದಿರುತ್ತದೆ. ಆದರೆ ತೊಳೆಯುವುದರಲ್ಲಿ ನನ್ನನ್ನು ಮೀರಿಸುವವರು ಆ ಕಾಲಕ್ಕೆ ನಮ್ಮ ಬೀದಿಯಲ್ಲೇ ಇರಲಿಲ್ಲ. ನಾನು ತಿಕ್ಕಿದ ಪಾತ್ರೆಯ ತಳದಲ್ಲಿ ಮುಖ ನೋಡಿಕೊಂಡು ತಲೆ ಬಾಚಿಕೊಳ್ಳಬಹುದಿತ್ತು. ಒಂದು ಬಾಣಲೆಯನ್ನಂತೂ ಉಜ್ಜಿ ಉಜ್ಜಿ ತೂತೇ ಮಾಡಿದ್ದೆ. ಬಾಗಿಲ ಮೇಲೆ ಬರೆದಿದ್ದ ಮನೆಯ ನಂಬರು ನನ್ನ ಒದ್ದೆ ಬಟ್ಟೆಗೆ ಸಿಕ್ಕಿ ಮಾಯವಾಗಿ, ಅಂಚೆಯವನು ನಮ್ಮ ಕಾಗದಗಳನ್ನೆಲ್ಲ ಪಕ್ಕದ ಮನೆಗೆ ಹಾಕಿ ಹೋಗುತ್ತಿದ್ದ. ಬೀದಿಯವರು ನನಗೆ ಉಜ್ಜಮ್ಮ ಅಂತ ಹೆಸರಿಟ್ಟಿದ್ದರು. ನಾನು ಅದನ್ನು ಬಿರುದು ಅಂತಲೇ ತಿಳಿದಿದ್ದೆ.

ಯಜಮಾನರು ಬಸ್ಸುಗಳಲ್ಲಿ ಟಿಕೆಟ್ ತಪಾಸಣೆ ಮಾಡುವವರು. ಆ ಕೆಲಸಕ್ಕೆ ಅವರಿಗೆ ಬಾಯಿ ಬೇಕಾಗಿರಲಿಲ್ಲ, ಮುಖ ಸಾಕಿತ್ತು. ರಸ್ತೆ ಮಧ್ಯೆ ನಿಂತು ಅಂಗೈ ಎತ್ತಿದರೆ ಎಂಥ ಬಸ್ಸೂ ಗಕ್ಕನೆ ನಿಲ್ಲುತ್ತಿತ್ತು. ಮೆಟ್ಟಿಲ ಮೇಲೆ ಆ ಮುಖ ಕಂಡರೆ ಟಿಕೆಟ್ ತೆಗೆದುಕೊಂಡವರೂ ಜೇಬು ತಡಕಾಡುತ್ತಾ ಬೆವರುತ್ತಿದ್ದರು. ತೆಗೆದುಕೊಳ್ಳದವರು ಕೇಳುವ ಮೊದಲೇ ಎದ್ದು ನಿಂತುಬಿಡುತ್ತಿದ್ದರು. ಜನ ಅವರನ್ನು ಬಿಗಿಮೋರೆ ಸಾಹೇಬರು ಅನ್ನುತ್ತಿದ್ದರು. ಸಂತೋಷವಾದರೂ ಅದೇ ಮುಖ, ಹಲ್ಲುನೋವು ಬಂದರೂ ಅದೇ ಮುಖ. ನಮ್ಮ ಮದುವೆಯ ಫೋಟೋದಲ್ಲಿ ಕೂಡ, ನಿನ್ನ ಟಿಕೆಟ್ ಎಲ್ಲಿ ಅಂತ ಕೇಳುವವರ ಹಾಗೆ ನನ್ನ ಪಕ್ಕ ನಿಂತಿದ್ದಾರೆ. ಮಗಳು ಹುಟ್ಟಿದಾಗ ತೊಟ್ಟಿಲಿಗೆ ಬಗ್ಗಿ ನೋಡಿದರು. ಆ ಪುಟ್ಟ ಕೂಸು ತನ್ನ ಮುಷ್ಟಿ ಬಿಚ್ಚಿ ಖಾಲಿ ಅಂಗೈ ತೋರಿಸಿತು!

ಅಂಥ ಮುಖದ ಎಡಗೆನ್ನೆಯಲ್ಲಿ ಒಂದು ಗಂಟು ಎದ್ದಿತು. ಮೊದಲು ಮೆಣಸಿನ ಕಾಳಿನಷ್ಟಿತ್ತು, ನೋಡನೋಡುತ್ತಾ ಗೋಲಿಯಷ್ಟಾಯಿತು. ಡಾಕ್ಟರು ಕೊಯ್ದು ತೆಗೆದರು. ಹೆದರುವಂಥದ್ದೇನೂ ಅಲ್ಲ ಅಂದರು. ಆದರೆ ಮೂಗಿನ ಪಕ್ಕದಿಂದ ತುಟಿಯ ಮೂಲೆಯವರೆಗೂ ಹೊಲಿಗೆ ಬಿದ್ದಿತ್ತು.

"ಗಾಯ ತನ್ನ ಪಾಡಿಗೆ ತಾನು ಮಾಗಿದ್ರೆ ಕೂದಲೆಳೆಯಷ್ಟು ಗೆರೆ ಉಳಿಯುತ್ತೆ. ಕೆದಕಿದ್ರೆ ಚರ್ಮ ಜಗ್ಗಿಕೊಂಡು ಮುಖಾನೇ ಬೇರೆ ಆಗುತ್ತೆ" ಎಂದು ಡಾಕ್ಟರು ಎಚ್ಚರಿಸಿದರು. ಯಜಮಾನರು ಗಾಬರಿಯಾದರು. ಗಾಬರಿ ಅಂತ ನಾನು ಊಹಿಸಿದ್ದು, ಮುಖವೇನೋ ಹಾಗೇ ಇತ್ತು. ಪಾಪ, ಆ ಮುಖವೇ ಅಲ್ಲವೇ ಅವರ ನೌಕರಿ.

ಗಾಯ ನೋಡಿಕೊಳ್ಳುವುದನ್ನು ನರ್ಸಮ್ಮ ನನಗೂ ಮಗಳಿಗೂ ಕೂರಿಸಿಕೊಂಡು ಹೇಳಿಕೊಟ್ಟರು. ಮಗಳು ಆಗ ಹೈಸ್ಕೂಲು. ಕುದಿಸಿ ಆರಿಸಿದ ನೀರು, ಅದರಲ್ಲಿ ಅದ್ದಿದ ಹತ್ತಿ. ಸೋಪು ಬೇಡ. ತೆಳ್ಳಗೆ ಮುಲಾಮು ಹಚ್ಚಿ ಗಾಯ ಒಣಗದ ಹಾಗೆ ಇಡಬೇಕು. ಒಣಗಿದರೆ ಹಕ್ಕಳೆ ಕಟ್ಟುತ್ತದೆ. ಕಟ್ಟಿದರೆ ಅದಾಗಿಯೇ ಉದುರಬೇಕು, ಕೈ ಹಾಕಬಾರದು. ಬಿಸಿಲು ಬೇಡ, ಹೆಚ್ಚು ಮಾತು ಬೇಡ, ನಗು ಬೇಡ. ನಗುವಿನ ಚಿಂತೆ ಬಿಡಿ ಅಂತ ನಾನು ಧೈರ್ಯ ಹೇಳಿದೆ.

ಕೊನೆಗೆ ನರ್ಸಮ್ಮ ನನ್ನ ಕೈಗೆ ಹತ್ತಿ ಕೊಟ್ಟು, ನನ್ನ ಮೊಣಕೈಯ ಮೇಲೇ ಅಭ್ಯಾಸ ಮಾಡಿಸಿದರು. "ಒತ್ತಿ, ಎತ್ತಿ. ಒತ್ತಿ, ಎತ್ತಿ. ಒರೆಸೋದು ಅನ್ನೋ ಮಾತೇ ಮರೆತುಬಿಡಿ."

ಮೀನಿಗೆ ಈಜು ಮರೆತುಬಿಡು ಅಂದ ಹಾಗಾಯಿತು.

ಹೊಲಿಗೆ ಬಿಚ್ಚುವವರೆಗೂ ನಾನು ಪರಮ ಸಾಧ್ವಿಯಂತೆ ನಡೆದುಕೊಂಡೆ. ಒತ್ತಿದೆ, ಎತ್ತಿದೆ. ಹೆಚ್ಚು ಮಾತು ಬೇಡ ಅಂದಿದ್ದನ್ನು ಮಾತೇ ಬೇಡ ಅಂತ ನಾನೇ ತಿದ್ದುಪಡಿ ಮಾಡಿ, ಅವರು ತುಟಿ ಅಲುಗಿಸಿದರೂ ಶ್ ಅನ್ನುತ್ತಿದ್ದೆ. ಹೊಲಿಗೆ ಬಿಚ್ಚಿದ ಡಾಕ್ಟರು ಚೆನ್ನಾಗಿ ಕೂಡಿಕೊಂಡಿದೆ, ಒಳಗಿನ್ನೂ ಹಸಿ ಇದೆ, ಹೀಗೇ ನೋಡಿಕೊಳ್ಳಿ ಎಂದರು. ನನಗೆ ಆ ಮಾತಿನ ಮೊದಲರ್ಧ ಮಾತ್ರ ಕೇಳಿಸಿತು.

ಅಲ್ಲಿಂದ ನನ್ನ ಕೈ ಕಡಿಯತೊಡಗಿತು. ಮುಖ್ಯವಾಗಿ ಆ ಮುಲಾಮು. ಮುಖದ ಮೇಲೆ ಎಣ್ಣೆಜಿಡ್ಡು ಮೆತ್ತಿಕೊಂಡು ಕೂತ ಗಂಡನನ್ನು ಯಾವ ಹೆಂಗಸು ಎಷ್ಟು ದಿನ ಅಂತ ನೋಡಿಯಾಳು? ಮಗಳು ಬೆಳಿಗ್ಗೆ ಹಚ್ಚಿ ಸ್ಕೂಲಿಗೆ ಹೋಗುವಳು, ನಾನು ಬಾಗಿಲು ಹಾಕಿಕೊಂಡು ಒರೆಸುವೆ. ಒಂದು ದಿನ ಸಿಕ್ಕಿಬಿದ್ದೆ.

"ಅಮ್ಮಾ, ಅವ್ರು ಹಚ್ಚು ಅಂದ್ರು, ನೀನು ಒರೆಸ್ತೀಯ."

"ಜಿಡ್ಡಿಗೆ ಧೂಳು ಕೂರುತ್ತೆ ಕಣೇ."

"ನಮ್ಮನೇಲಿ ಧೂಳು ಎಲ್ಲಿದೆ? ನಿನ್ನ ಹೆದರಿಕೆಗೆ ಅದು ಬೀದಿ ಆ ಕಡೆನೇ ಹೋಗುತ್ತೆ."

ನನಗೆ ಹೆಮ್ಮೆಯಾಯಿತು. ಬುದ್ಧಿ ಮಾತ್ರ ಬರಲಿಲ್ಲ. ಮುಲಾಮಿಲ್ಲದೆ ಗಾಯ ಒಣಗಿತು, ಒಣಗಿ ಹಕ್ಕಳೆ ಕಟ್ಟಿತು. ಹಾಲು ಸೀದು ತಳ ಹಿಡಿದರೆ ಹೇಗಿರುತ್ತದೆ, ಥೇಟ್ ಹಾಗೆ. ಕಂದು ಬಣ್ಣ, ಅಂಚಿನಲ್ಲಿ ಕರ್ರಗೆ. ನಾನು ಆ ಕಡೆ ನೋಡಬಾರದು ಅಂತ ಗೋಡೆ ನೋಡುತ್ತಿದ್ದೆ. ಗೋಡೆಯಲ್ಲೂ ಅದೇ ಕಾಣುತ್ತಿತ್ತು.

ಹೀಗಿರುವಾಗ ಭಾನುವಾರ ಸಂಜೆ ಡಿಪೋ ಮ್ಯಾನೇಜರು ಯಜಮಾನರನ್ನು ನೋಡಲು ಬರುತ್ತಾರೆ ಅಂತ ಸುದ್ದಿ ಬಂತು. ನೋಡಿ, ಗುಣವಾಗಿದೆ ಅನ್ನಿಸಿದರೆ ಮುಂದಿನ ವಾರವೇ ಕೆಲಸಕ್ಕೆ ಕರೆಯುತ್ತಾರಂತೆ. ಮನೆಯಲ್ಲಿ ಕೂತು ಕೂತು ಯಜಮಾನರು, ಬೀದಿಯಲ್ಲಿ ಹೋಗುವ ಸೈಕಲ್ಲಿಗೂ ಅಂಗೈ ಎತ್ತುವ ಸ್ಥಿತಿಗೆ ಬಂದಿದ್ದರು.

ಮ್ಯಾನೇಜರು ಬರುತ್ತಾರೆ ಅಂದ ಮೇಲೆ ಕೇಳಬೇಕೆ! ಬೆಳಿಗ್ಗೆ ಎದ್ದವಳೇ ದಂಡಯಾತ್ರೆ ಹೊರಟೆ. ನೆಲ ಬಿತ್ತು, ಕಿಟಕಿ ಬಿತ್ತು, ಬಾಗಿಲ ಚಿಲಕ ಶರಣಾಯಿತು. ಕುರ್ಚಿಗಳನ್ನು ತಲೆಕೆಳಗಾಗಿಸಿ ಕಾಲು ತೊಳೆದೆ. ಗಡಿಯಾರವನ್ನು ಕೆಳಗಿಳಿಸಿ ಮುಳ್ಳು ಒರೆಸಿದೆ. ಅದು ಅವತ್ತಿನಿಂದ ನಿಂತೇ ಹೋಯಿತು. ಮಧ್ಯಾಹ್ನ ಇಳಿಯುವ ಹೊತ್ತಿಗೆ ಸೊಂಟಕ್ಕೆ ಕೈ ಕೊಟ್ಟು ನಿಂತು ಸುತ್ತಲೂ ನೋಡುತ್ತೇನೆ, ಇಡೀ ಮನೆ ಫಳಫಳ. ಆ ಫಳಫಳದ ನಡುವೆ ಕೊಳೆಯಾಗಿ ಉಳಿದಿದ್ದ ವಸ್ತು ಒಂದೇ ಒಂದು. ಅದು ಕಿಟಕಿಯ ಪಕ್ಕ ಕುರ್ಚಿಯಲ್ಲಿ ಕೂತು ಬೀದಿ ನೋಡುತ್ತಿತ್ತು.

ಮಗಳು ಗೆಳತಿಯ ಮನೆಗೆ ಹೋಗಿದ್ದಳು. ಬೋಗುಣಿಗೆ ಬಿಸಿನೀರು ತಂದೆ. ಮೊದಲು ಬರೀ ನೆನೆಸೋಣ ಅಂದುಕೊಂಡೆ, ಅಷ್ಟೇ. ನೆನೆದದ್ದಕ್ಕೆ ಒಂಚೂರು ಸೋಪು ತೋರಿಸೋಣ ಅನ್ನಿಸಿತು. ಸೋಪು ನೊರೆ ಬಂದ ಮೇಲೆ ಒದ್ದೆ ಬಟ್ಟೆಯಿಂದ ನೊರೆ ತೆಗೆಯಬೇಡವೇ? ತೆಗೆಯುತ್ತಾ ತೆಗೆಯುತ್ತಾ ನನ್ನ ಕೈ ತನ್ನ ಹಳೆಯ ಚಾಳಿಗೆ ಬಿತ್ತು. ಅಷ್ಟು ವರ್ಷ ಬಾಣಲೆಗಳ ಜೊತೆ ಗುದ್ದಾಡಿದ ಕೈ ಅದು.

"ನೋವಾಗ್ತಿದೆಯೇನ್ರೀ?" ಅಂತ ಕೇಳಿದೆ. ಕೇಳಲಿಲ್ಲ ಅಂತ ಯಾರೂ ಹೇಳಬಾರದು. ಮುಖ ನೋಡಿದೆ, ಏನೂ ಇಲ್ಲ, ಅದೇ ಬಿಗಿಮೋರೆ. ನೋವಿಲ್ಲ ಅಂತ ತಿಳಿದೆ. ಇನ್ನೊಬ್ಬರಾಗಿದ್ದರೆ ಕೂಗುತ್ತಿದ್ದರು. ಇವರು ಹೇಗೆ ಕೂಗಿಯಾರು? ತುಟಿ ಬಿಚ್ಚಿದರೆ ಶ್ ಅನ್ನುವ ಕಾವಲುಗಾರ್ತಿ ಎದುರಿಗೇ ನಿಂತಿದ್ದಳಲ್ಲ.

ಆಗ ಯಜಮಾನರು ಮೆಲ್ಲಗೆ ಬಲಗೈ ಎತ್ತಿದರು. ಅಂಗೈ ಅಗಲಿಸಿ ನನ್ನ ಎದುರಿಗೆ ಹಿಡಿದರು. ಊರಿನ ಅಷ್ಟೂ ಬಸ್ಸುಗಳಿಗೆ ಅರ್ಥವಾಗುತ್ತಿದ್ದ ಸನ್ನೆ ಅದು. ಕಟ್ಟಿಕೊಂಡ ಹೆಂಡತಿಗೆ ಅರ್ಥವಾಗಲಿಲ್ಲ. ಟವೆಲ್ ಕೇಳುತ್ತಿದ್ದಾರೆ ಅಂತ ತಿಳಿದು, ಮಡಚಿದ ಬಿಳಿ ಟವೆಲ್ಲನ್ನು ಆ ಅಂಗೈ ಮೇಲಿಟ್ಟು ಮತ್ತೆ ಕೆಲಸಕ್ಕೆ ಬಗ್ಗಿದೆ.

ಹಕ್ಕಳೆಯ ಒಂದು ಅಂಚು ಎದ್ದಿತ್ತು. ಅದರಡಿಗೆ ಉಗುರು ಹೋಯಿತು. ಹಾಗೇ ಮೇಲಕ್ಕೆತ್ತಿದೆ. ಇಡಿಯಾಗಿ ಬಂತು. ಸೀದ ತಳ ಒಂದೇ ಏಟಿಗೆ ಎದ್ದು ಬಂದಾಗ ಆಗುವ ಸುಖ ಇದೆಯಲ್ಲ, ಒಂದು ಗಳಿಗೆ ಅದು ಆಯಿತು. ಮಿಕ್ಕಿದ್ದಕ್ಕೆಲ್ಲ ನಕ್ಕುಬಿಡಬಲ್ಲೆ. ಆ ಸುಖವನ್ನು ನೆನೆಸಿಕೊಂಡರೆ ಮಾತ್ರ ಈಗಲೂ ತಲೆ ತಗ್ಗುತ್ತದೆ.

ಆಮೇಲೆ ರಕ್ತ ಬಂತು. ಕೂಡಿಕೊಂಡಿದ್ದ ಗಾಯ ತುಟಿಯ ಹತ್ತಿರ ಬಾಯಿಬಿಟ್ಟಿತ್ತು. ಯಜಮಾನರು ನಾನೇ ಕೊಟ್ಟಿದ್ದ ಟವೆಲ್ಲನ್ನು ಕೆನ್ನೆಗೆ ಒತ್ತಿಕೊಂಡು, ಎಷ್ಟೋ ದಿನಗಳ ಮೇಲೆ ಮೊದಲ ಮಾತು ಆಡಿದರು.

"ಬಾಗಿಲು ತೆಗಿ. ಮ್ಯಾನೇಜರು ಬಂದ್ರು."

ಮ್ಯಾನೇಜರು ಒಳಗೆ ಬಂದು ನೋಡಿದ್ದು ಇಷ್ಟು: ಕನ್ನಡಿಯಂಥ ನೆಲ, ನಿಂತ ಗಡಿಯಾರ, ಕೆಂಪು ಟವೆಲ್ ಹಿಡಿದು ಸೆಟೆದು ಕೂತ ನೌಕರ, ಬೋಗುಣಿಯ ಪಕ್ಕದಲ್ಲಿ ಉಗುರು ಬಚ್ಚಿಟ್ಟುಕೊಂಡು ನಿಂತ ಹೆಂಡತಿ. ಅವರು ತಮ್ಮ ಜೀಪಿನಲ್ಲೇ ನಮ್ಮನ್ನು ಆಸ್ಪತ್ರೆಗೆ ಹೊರಡಿಸಿದರು. ದಾರಿಯಲ್ಲಿ ಸೀಟಿನ ಮೇಲೆ ನಾಲ್ಕು ಹನಿ ಬಿತ್ತು. ನಾನು ಬಟ್ಟೆಯಿಂದ ಅದನ್ನು ಉಜ್ಜತೊಡಗಿದೆ. ಯಜಮಾನರು ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡರು. ಇಂಥ ಹೊತ್ತಿನಲ್ಲೂ ಎಷ್ಟು ಪ್ರೀತಿ ಅಂದುಕೊಂಡೆ. ಸೀಟಿನ ಬಟ್ಟೆ ಕಿತ್ತುಬರುತ್ತಿತ್ತಂತೆ.

ಡಾಕ್ಟರು ಗಾಯ ನೋಡಿದರು. ನನ್ನ ಕೈ ನೋಡಿದರು. ಎದ್ದು ನಿಂತು, ನಾನು ಬಯಸಿದ್ದ ಹಾಗೆಯೇ, ಎರಡೂ ಕೈ ಜೋಡಿಸಿದರು.

"ಅಮ್ಮಾ, ಇದು ಮುಖ. ತಳ ಹಿಡಿದ ಪಾತ್ರೆ ಅಲ್ಲ. ಇನ್ನು ಮುಟ್ಟಬೇಡಿ."

ಅಂದಿನಿಂದ ನನಗೆ ನೀರು ಕುದಿಸಿ ಆರಿಸುವ ಕೆಲಸ ಮಾತ್ರ ಉಳಿಯಿತು. ಮುಖದ ಅಧಿಕಾರವೆಲ್ಲ ಮಗಳ ಕೈಗೆ ಹೋಯಿತು. ಅವಳು ಒತ್ತುವಳು, ಎತ್ತುವಳು, ನಾನು ಬಾಗಿಲ ಮರೆಯಲ್ಲಿ ನಿಂತು ನೋಡುವೆ. ಆದರೂ ಗಾಯ ಕೀವು ಹಿಡಿದು, ಬಹಳ ಕಾಲ ಕಾಡಿ, ಕೊನೆಗೆ ಮಾಗಿತು. ಮಾಗುವಾಗ ಡಾಕ್ಟರು ಹೇಳಿದ್ದ ಹಾಗೇ ಚರ್ಮವನ್ನು ಜಗ್ಗಿತು. ತುಟಿಯ ಎಡಮೂಲೆ ಮೇಲಕ್ಕೇರಿ ಅಲ್ಲೇ ನಿಂತಿತು. ಹುಟ್ಟಿದಾರಭ್ಯ ನಗದ ಬಿಗಿಮೋರೆ ಸಾಹೇಬರು ಎಡಗಡೆಯಿಂದ ನೋಡಿದರೆ ಸದಾ ನಗುತ್ತಿದ್ದರು!

ಕೆಲಸಕ್ಕೆ ಹೋದ ಮೊದಲ ದಿನವೇ ಬಸ್ಸಿಗೆ ಬಸ್ಸೇ ಅವರನ್ನು ನೋಡಿ ನಕ್ಕಿತಂತೆ, ಪಾಪ, ಸಾಹೇಬರು ತಮ್ಮನ್ನು ನೋಡಿ ನಗುತ್ತಿದ್ದಾರೆ ಅಂತ ಜನ ಮರುನಗೆ ಕೊಟ್ಟದ್ದು. ಟಿಕೆಟ್ ಇಲ್ಲದವರು ಹೆಗಲ ಮೇಲೆ ಕೈ ಹಾಕಿ ಮನೆಯ ಕಷ್ಟ ಹೇಳಿಕೊಂಡರಂತೆ. ಕೆಲವು ತಿಂಗಳಲ್ಲೇ ಮ್ಯಾನೇಜರು ಅವರನ್ನು ಬಸ್ ನಿಲ್ದಾಣದಲ್ಲಿ, ಜನ ಮರೆತುಹೋದ ಸಾಮಾನು ಕಾಯುವ ಕಿಟಕಿಗೆ ಹಾಕಿದರು. ಕೊಡೆ, ಚೀಲ, ಒಂಟಿ ಚಪ್ಪಲಿಗಳ ನಡುವೆ. ಅಲ್ಲೂ ಗೋಳು ತಪ್ಪಲಿಲ್ಲ. ಕಳೆದುಕೊಂಡವರು ಓಡಿಬಂದು, ಆ ನಗು ಕಂಡು ಸಾಮಾನು ಸಿಕ್ಕಿತು ಅಂತ ಹಿಗ್ಗುವರು. ಇಲ್ಲ ಅಂದರೆ, ಇದ್ದ ಚೀಲವೂ ಹೋಯಿತು, ಮೇಲಿಂದ ಈ ಮನುಷ್ಯ ನಗುತ್ತಾನೆ ಅಂತ ಜಗಳಕ್ಕೆ ನಿಲ್ಲುವರು.

ಒಂದು ದಿನ ಊಟದ ಡಬ್ಬಿ ಮರೆತು ಹೋಗಿದ್ದರು ಅಂತ ನಾನೇ ತೆಗೆದುಕೊಂಡು ಹೋದೆ. ದೂರದಿಂದಲೇ ನೋಡಿದೆ. ಹೊರಗೆ ಒಂದು ಬಸ್ಸು ಹಾರ್ನ್ ಹೊಡೆದು ಹೊರಟಿತು. ಕಿಟಕಿಯೊಳಗೆ ಕೂತಿದ್ದವರ ಅಂಗೈ ತಾನಾಗಿಯೇ ಅರ್ಧಕ್ಕೆ ಎದ್ದಿತು. ಬಸ್ಸು ನಿಲ್ಲಲಿಲ್ಲ. ಕೈ ಮೆಲ್ಲಗೆ ಕೆಳಗಿಳಿದು ಯಾರದೋ ಕೊಡೆಯನ್ನು ಮಡಚತೊಡಗಿತು. ಏನೂ ನೋಡದವಳ ಹಾಗೆ ಡಬ್ಬಿ ಕೊಟ್ಟು ಬಂದೆ.

ಮನೆಯಲ್ಲೂ ನನಗೆ ಫಜೀತಿಯೇ. ಸಾರಿಗೆ ಉಪ್ಪು ಹೆಚ್ಚಾದರೂ ನಗು, ಮೈಗೆ ಜ್ವರ ಬಂದರೂ ನಗು. ತಡೆಯಲಾರದೆ ಕೇಳಿದೆ, "ನಿಜ ಹೇಳಿ, ಈಗ ಕೋಪಾನಾ, ನಗೂನಾ?"

"ಈ ಕಡೆ ಬಂದು ಕೂತು ನೋಡು" ಎಂದು ತಮ್ಮ ಬಲಗಡೆ ತೋರಿಸಿದರು.

ಅಲ್ಲಿಂದ ಮುಂದೆ ನಾನು ಅವರ ಬಲಗಡೆಯೇ ಕೂತೆ. ಹಾಗೆ ಕೂತಿದ್ದಾಗಲೇ ಒಂದು ಸಲ ಬಾಯಿಗೆ ಬಂದುಬಿಟ್ಟಿತು. "ನನ್ನ ಕೈಯಿಂದ ನಿಮ್ಮ ಮುಖಾನೇ ಹೋಯ್ತಲ್ರೀ."

"ಅರ್ಧ ಉಳಿಸಿದ್ದೀಯಲ್ಲ" ಅಂದರು. ಹಾಸ್ಯವೋ ಕೋಪವೋ ಅಂತ ಎದ್ದು ಎರಡೂ ಕಡೆಯಿಂದ ನೋಡಿದೆ. ತಿಳಿಯಲಿಲ್ಲ.

ಅವರು ಹೋಗಿ ಈಗ ವರ್ಷಗಳಾದವು. ಅವತ್ತು ಮಲಗಿಸಿದ್ದಾಗ ಬೀದಿಯವರೆಲ್ಲ ಬಂದರು, ಡಿಪೋದವರು ಬಂದರು. ಬಾಗಿಲಿಂದ ಬಂದವರಿಗೆ ಮೊದಲು ಕಾಣುತ್ತಿದ್ದುದು ಎಡಗಡೆ. ನೋಡಿ, ನಗ್‌ನಗ್ತಾನೇ ಹೋಗಿದ್ದಾರೆ, ಎಂಥ ನೆಮ್ಮದಿಯ ಜೀವ ಅಂದುಕೊಂಡರು. ಅದು ನೆಮ್ಮದಿಯಲ್ಲ, ನನ್ನ ಉಗುರು ಅಂತ ಯಾರಿಗೆ ಹೇಳಲಿ?

ಮಗಳು ಆರಿಸಿದ ನೀರಿನ ಬೋಗುಣಿ, ಹತ್ತಿ ತಂದು ನನ್ನ ಮುಂದಿಟ್ಟಳು. "ಅಮ್ಮಾ, ಮುಖ ನೀನೇ ತೊಳಿ" ಅಂದಳು. ಅಷ್ಟು ವರ್ಷಗಳ ಮೇಲೆ ಆ ಮುಖದ ಅಧಿಕಾರ ನನಗೆ ಮರಳಿ ಸಿಕ್ಕಿತು. ಹತ್ತಿ ಅದ್ದಿದೆ. ಒತ್ತಿದೆ, ಎತ್ತಿದೆ. ಒತ್ತಿದೆ, ಎತ್ತಿದೆ. ಎಲ್ಲೂ ಒರೆಸಲಿಲ್ಲ. ನರ್ಸಮ್ಮ ನೋಡಿದ್ದರೆ ಭೇಷ್ ಅನ್ನುತ್ತಿದ್ದರು.

ಎಡಗಡೆ ಮುಗಿಸಿ ನನ್ನ ಜಾಗಕ್ಕೆ, ಬಲಗಡೆಗೆ ಬಂದು ಕೂತೆ. ಅಲ್ಲಿ ಅದೇ ಬಿಗಿಮೋರೆ. ಮದುವೆಯ ಫೋಟೋದಲ್ಲಿದ್ದ ಹಾಗೇ, ನಿನ್ನ ಟಿಕೆಟ್ ಎಲ್ಲಿ ಅಂತ ಕೇಳುತ್ತಿತ್ತು.

ಹತ್ತಿಯನ್ನು ಕೆಳಗಿಟ್ಟು, ಖಾಲಿ ಅಂಗೈ ಬಿಚ್ಚಿ ತೋರಿಸಿದೆ.