ಅತ್ತೆ ಉಜ್ಜದೆ ಬಿಟ್ಟ ಬಕಲ್ಲು

ನಮ್ಮತ್ತೆಯ ಕೈಗೆ ಚಂದ್ರ ಸಿಕ್ಕಿದ್ದರೆ ಅವನ ಮೈಮೇಲೆ ಒಂದು ಕಲೆಯೂ ಉಳಿಯುತ್ತಿರಲಿಲ್ಲ! ಅತ್ತೆ ಎಂದರೆ ಅಪ್ಪನ ಅಕ್ಕ. ಮೊದಲಿನಿಂದಲೂ ದೇವನಹಳ್ಳಿಯ ನಮ್ಮ ಮನೆಯಲ್ಲೇ ಇರುವವರು. ಹುಣಸೆಹಣ್ಣು ಹಿಡಿದು ಹಿತ್ತಲಲ್ಲಿ ಕೂತರೆಂದರೆ ಕೈ ತನ್ನಷ್ಟಕ್ಕೆ ತಾನು ಉಜ್ಜುತ್ತಿರುತ್ತದೆ, ಕಣ್ಣು ತಲೆಯ ಮೇಲೆ ಹಾರುವ ವಿಮಾನದ ಹಿಂದೆ ಹೋಗಿಬಿಟ್ಟಿರುತ್ತದೆ. ಯಾವ ಊರಿನಲ್ಲಿ ಇಳಿಯುತ್ತಾರೋ ಯಾರಿಗೆ ಗೊತ್ತು? ವಾಪಸು ಬರುವಷ್ಟರಲ್ಲಿ ಕೈಯಲ್ಲಿದ್ದ ಚೊಂಬು ಕನ್ನಡಿಯಾಗಿರುತ್ತದೆ.

ಹೊಸ ಬಚ್ಚಲಿಗೆ ಬೆಳ್ಳಿಯ ಹಾಗೆ ಹೊಳೆಯುವ ನಲ್ಲಿ ಹಾಕಿಸಿದ್ದೆ. ಅದನ್ನೂ ಬಿಡದೆ ದಿನಾ ಹುಣಸೆಹಣ್ಣು, ಬೂದಿ ಹಾಕಿ ಉಜ್ಜಿದರು. ಒಂದು ದಿನ ಬಚ್ಚಲಿಂದಲೇ ಕೂಗು: "ಲೋ, ಬಾರೋ ಇಲ್ಲಿ! ಒಳಗೆ ಹಿತ್ತಾಳೆ ಮಡಗಿ ಮೇಲೆ ಬೆಳ್ಳಿ ಬಣ್ಣ ಬಳ್ದವ್ರೆ. ನಿಂಗೆ ಟೋಪಿ ಹಾಕವ್ರೆ ಕಣೋ!"

"ಅದು ಲೇಪ ಅತ್ತೆ, ಹಂಗೇ ಇರ್ಬೇಕು."

"ಒಳಗೆ ಒಳ್ಳೇ ಹಿತ್ತಾಳೆ ಇರುವಾಗ ಮೇಲೆ ಈ ವೇಷ ಯಾಕ್ಲಾ?"

ಮುಂದೆ ನನ್ನ ಹೆಂಡತಿಯ ರೋಲ್ಡ್ ಗೋಲ್ಡ್ ಸರದ ವೇಷವೂ ಕಳಚಿತು, ಅದೂ ಮದುವೆಮನೆಗೆ ಹೊರಟು ನಿಂತಾಗ.

ಹೋದ ವರ್ಷ ಅಪ್ಪ ತೀರಿಕೊಂಡರು. ಅವರ ವಾಚನ್ನು ನಾನು ಕಟ್ಟಿಕೊಳ್ಳಬೇಕೆಂದು ಹೊಸ ಚರ್ಮದ ಪಟ್ಟಿ ತಂದೆ. ಬಕಲ್ಲು ಮಾತ್ರ ಹಳೆಯದನ್ನೇ ಅದಕ್ಕೆ ಸಿಕ್ಕಿಸಿದೆ. ಬೆವರು ಕುಡಿದು ಕಪ್ಪಾಗಿತ್ತು. ಮೇಲಿನ ಚಿನ್ನದ ಲೇಪ ಈರುಳ್ಳಿ ಸಿಪ್ಪೆಗಿಂತ ತೆಳು. ಸೋಪಿನ ನೀರು, ಮೆತ್ತನೆಯ ಬ್ರಷ್ಷು ಇಟ್ಟುಕೊಂಡು ಜಗಲಿಯಲ್ಲಿ ಕಳ್ಳನ ಹಾಗೆ ಕೂತಿದ್ದೆ. ಬೆನ್ನ ಹಿಂದೆ ಅತ್ತೆ!

"ಕೊಡಿಲ್ಲಿ."

"ನಿಮ್ಮ ಕಾಲಿಗೆ ಬೀಳ್ತೀನಿ ಅತ್ತೆ, ಹುಣಸೆಹಣ್ಣು ಬೇಡ! ಲೇಪ ಹೋದ್ರೆ ಅದು ಅಪ್ಪನ ವಾಚೇ ಅನ್ನಿಸಲ್ಲ."

ಅವರು ಸೆರಗಿನ ತುದಿಯನ್ನು ಸೋಪಿನ ನೀರಲ್ಲಿ ಅದ್ದಿ, ಮಲಗಿದ ಮಗುವಿನ ಬಾಯಿ ಒರೆಸಿದಂತೆ ಒರೆಸಿದರು. ನಿಧಾನವಾಗಿ ಚಿನ್ನದ ಬಣ್ಣ ಮೇಲೆ ಬಂತು. ಒಂದು ಮೂಲೆಯಲ್ಲಿ ಮಾತ್ರ ಹಿತ್ತಾಳೆ ಇಣುಕುತ್ತಿತ್ತು.

"ಇದು ನಾನು ಉಜ್ಜಿದ್ದಲ್ಲ ಕಣೋ, ಮೊದಲೇ ಸವೆದಿತ್ತು," ಎಂದು ಗಾಬರಿಯಿಂದ ಹೇಳಿದವರು, ಆ ಮೂಲೆಯ ಮೇಲೆ ಹೆಬ್ಬೆರಳಿಟ್ಟರು. ಹೆಬ್ಬೆರಳು ಅಲ್ಲಿ ಸರಿಯಾಗಿ ಕೂತಿತು.

ಆಗ ನನಗೆ ನೆನಪಾಯಿತು. ಅಪ್ಪನಿಗೆ ಒಂದೇ ಕೈಯಲ್ಲಿ ಬಕಲ್ಲು ಹಾಕಲು ಬರುತ್ತಿರಲಿಲ್ಲ. ದಿನಾ ಕೆಲಸಕ್ಕೆ ಹೊರಡುವಾಗ ಅಕ್ಕನ ಮುಂದೆ ಕೈ ಚಾಚಿ ನಿಲ್ಲುತ್ತಿದ್ದರು. ಅಷ್ಟು ವರ್ಷ ಆ ಮೂಲೆಯನ್ನು ಒತ್ತಿದ್ದು ಅತ್ತೆಯ ಹೆಬ್ಬೆರಳೇ.

ತಲೆಯ ಮೇಲೆ ವಿಮಾನವೊಂದು ಹೋಯಿತು. ಅತ್ತೆ ಕತ್ತೆತ್ತಲಿಲ್ಲ.

"ಕೈ ಕೊಡು," ಅಂದರು. ಬಕಲ್ಲು ಹಾಕಿ, ಅಪ್ಪನನ್ನು ಕೇಳುತ್ತಿದ್ದ ಹಾಗೆಯೇ ಕೇಳಿದರು: "ಬಿಗಿ ಆಯ್ತೇನೋ?"

ಇಲ್ಲವೆಂದು ತಲೆಯಾಡಿಸಿದೆ.

ಅಂದಿನಿಂದ ನೋಡಿ, ನನಗೂ ಒಂದೇ ಕೈಯಲ್ಲಿ ಬಕಲ್ಲು ಹಾಕಲು ಬರುವುದಿಲ್ಲ.