ವಿಶ್ವಕ್ಕೆ ಮೂರನೆಯವಳ ಗಂಡ

ಗೆಟ್ಟವಾಡಿಯ ವೃಷಭೇಂದ್ರನಿಗೆ ಹೆಂಡತಿಯ ಬುದ್ಧಿವಂತಿಕೆಯ ಬಗ್ಗೆ ತಕರಾರಿರಲಿಲ್ಲ. ಅದು ಯಾರ ಕಣ್ಣಿಗೂ ಬೀಳುತ್ತಿಲ್ಲವಲ್ಲ ಎಂಬುದೇ ಅವನ ಸಂಕಟ. ಶಿವರಂಜನಿ ಸಂಖ್ಯಾಶಾಸ್ತ್ರದಲ್ಲಿ ಎಂ.ಎಸ್ಸಿ. ಮದುವೆ, ಮಗಳು, ಹಸು ಅಂತ ವರ್ಷಗಳು ಕಳೆದ ಮೇಲೆ ಕೆಲಸ ಹುಡುಕಲು ಹೊರಟರೆ ಎಲ್ಲ ಕಂಪನಿಗಳದ್ದೂ ಒಂದೇ ಪ್ರಶ್ನೆ: "ಇಷ್ಟು ವರ್ಷ ಏನು ಮಾಡ್ತಿದ್ರಿ?" (ಹಸುವನ್ನು ಕೇಳಿದ್ದರೆ ಹೇಳುತ್ತಿತ್ತು.) ಅವಳ ಮಾತು ಕಡಿಮೆಯಾಯಿತು. ಸಾರಿನ ಉಪ್ಪೂ ಕಡಿಮೆಯಾಯಿತು. ಇನ್ನೊಂದು ಸಲ 'ಬೇಡ' ಅನ್ನಿಸಿಕೊಂಡರೆ ಅವಳು ಪುಸ್ತಕಗಳನ್ನೆಲ್ಲ ಅಟ್ಟಕ್ಕೆ ಹಾಕಿಬಿಡುತ್ತಾಳೆಂದು ವೃಷಭೇಂದ್ರನಿಗೆ ನಿಜಕ್ಕೂ ಭಯವಾಗಿತ್ತು.

ಕೊನೆಗೆ ಅವಳು ಡೇಟಾ ಸೈನ್ಸ್ ಸ್ಪರ್ಧೆಗಿಳಿದಳು. ಇಂಟರ್‌ನೆಟ್ಟಿನಲ್ಲಿ ಹಳೆಯ ಮಳೆಯ ಲೆಕ್ಕ ಕೊಡುತ್ತಾರೆ; ಮುಂದಿನ ಮಳೆಯನ್ನು ಕಂಪ್ಯೂಟರಿನಿಂದ ಹೇಳಿಸಬೇಕು. ಅಲ್ಲಿ ಹೆಸರು ಮೇಲೆ ಬಂದರೆ ಕಂಪನಿಯವರು ತಾವಾಗಿಯೇ ಕರೆಯುತ್ತಾರಂತೆ. ಒಂದು ಬೆಳಿಗ್ಗೆ ಅವಳು ಒಲೆಯ ಮುಂದೆಯೇ ಕುಣಿದಳು.

"ರೀ, ಮೂರ್ನೇ ಜಾಗ್ದಲ್ಲಿವ್ನಿ! ಆದ್ರೆ ಯಾರ್ಗೂ ಏಳ್ಬೇಡಿ. ಈಗ ನಮ್ ಉತ್ರದಲ್ಲಿ ಒಂಚೂರು ಮಾತ್ರ ತಿದ್ದವ್ರೆ. ಪೂರ್ತಿ ತಿದ್ದುದ್ ಮೇಲೇ ಕಡೇ ಫಲಿತಾಂಶ."

ವೃಷಭೇಂದ್ರ ಯಾರಿಗೂ ಹೇಳಲಿಲ್ಲ. ಫ್ಲೆಕ್ಸ್ ಹಾಕಿಸಿದ.

ತಾಳವಾಡಿ ಬಸ್ ಸ್ಟ್ಯಾಂಡಿನಲ್ಲಿ ಫ್ಲೆಕ್ಸ್ ಇಲ್ಲದೆ ಯಾರೂ ಮದುವೆಯಾಗುವುದಿಲ್ಲ, ಸಾಯುವುದೂ ಇಲ್ಲ. "ವಿಶ್ವಕ್ಕೇ ಮೂರನೆಯ ಸ್ಥಾನ!" ಎಂಬ ಅಕ್ಷರಗಳ ಕೆಳಗೆ ಶಿವರಂಜನಿಯ ಫೋಟೊ, ಪಕ್ಕದಲ್ಲಿ ಅದರ ಎರಡರಷ್ಟು ದೊಡ್ಡದಾಗಿ, ಬಿಳಿ ಅಂಗಿ ತೊಟ್ಟು ಕೈಮುಗಿದು ಶುಭ ಕೋರುತ್ತಿರುವ ಸಾಕ್ಷಾತ್ ಪತಿದೇವರು. (ಸತ್ತವರ ಫ್ಲೆಕ್ಸಿನಲ್ಲೂ ಬಿಳಿ ಅಂಗಿ, ಮುಗಿದ ಕೈ. ಅಂಗಡಿಯವನ ಹತ್ತಿರ ಇದ್ದದ್ದೇ ಆ ಒಂದು ಮಾದರಿ.)

ಮರುವಾರ ಪೂರ್ತಿ ತಿದ್ದಿದರು. ಶಿವರಂಜನಿ ಒಂಬೈನೂರನೆಯ ಸ್ಥಾನದ ಆಚೆ ಹೋಗಿ ಬಿದ್ದಳು. ಗೋಡೆಯ ಕಡೆ ಮುಖ ಮಾಡಿ ಅತ್ತಳು.

"ಆ ದರಿದ್ರ ಫ್ಲೆಕ್ಸ್ ಕಿತ್ತಾಕ್ಬುಟ್ ಬನ್ನಿ ಮೊದ್ಲು!"

ವೃಷಭೇಂದ್ರ ಕುಡುಗೋಲು ಹಿಡಿದು ಹೋದ. ಮೂರನೆಯ ಸ್ಥಾನವನ್ನು ಕತ್ತರಿಸಿದ. ಹೆಂಡತಿಯನ್ನು ಕತ್ತರಿಸಿ ಜೋಪಾನವಾಗಿ ಮಡಿಸಿದ. ತನ್ನ ಸರದಿ ಬಂದಾಗ ಕೈ ಏಳಲಿಲ್ಲ. ಹುಟ್ಟಿದಾರಭ್ಯ ಅವನ ಫೋಟೊ ಅಷ್ಟು ಚೆನ್ನಾಗಿ ಬಂದಿರಲಿಲ್ಲ. ಇದೊಂದು ಇರಲಿ ಅಂತ ಬಿಟ್ಟು ಬಂದ.

ಇತ್ತ ಶಿವರಂಜನಿ ಕಣ್ಣೊರೆಸಿಕೊಂಡು, ತಾನು ಬಿದ್ದದ್ದು ಯಾಕೆಂದು ಅದೇ ಸ್ಪರ್ಧೆಯ ವೆಬ್‌ಸೈಟಿನಲ್ಲಿ ಉದ್ದಕ್ಕೆ ಬರೆದು ಹಾಕಿದಳು. ಅದನ್ನೋದಿದ ಮೈಸೂರಿನ ಕಂಪನಿಯ ಅನುಶ್ರೀ ಎಂಬವರು ವಿಡಿಯೊದಲ್ಲಿ ಇಂಟರ್‌ವ್ಯೂಗೆ ಕರೆದರು.

ಆ ದಿನ ವೃಷಭೇಂದ್ರನಿಗೆ ಹಿತ್ತಿಲಿಗೆ ಗಡಿಪಾರು. ನಡುಮನೆಯಲ್ಲಿ ಮಾತು ಶುರುವಾಗಿತ್ತಷ್ಟೆ, ಜೀರಹಳ್ಳಿಯಿಂದ ಬಂದ ಅವನ ದೊಡ್ಡವ್ವ ಪುಟ್ಟನಂಜಮ್ಮ ಎದೆ ಬಡಿದುಕೊಳ್ಳುತ್ತಾ ಒಳನುಗ್ಗಿದಳು.

"ಓಗ್ಬುಟ್ಯಲ್ಲಪ್ಪಾ ನನ್ ಮಗ್ನೇ! ಬಸ್ ಸ್ಟ್ಯಾಂಡ್ನಲ್ಲಿ ಒಬ್ನೇ ಕೈಮುಕ್ಕಂಡು ನಿಂತಿದ್ದೀಯಲ್ಲಾ! ಯಾರೋ ಪುಣ್ಯಾತ್ಮರು ಊವಿನ್ ಆರಾನೂ ಆಕವ್ರೆ! ಒಬ್ರಿಗೂ ಕೆಟ್ಟದ್ ಮಾಡ್ನಿಲ್ಲ, ಒಳ್ಳೇದ್ನೂ ಮಾಡ್ನಿಲ್ಲ, ಅಂಗೇ ಓಗ್ಬುಟ್ಟೆ!"

ವೃಷಭೇಂದ್ರ ಸಗಣಿ ಕೈಯಲ್ಲೇ ಓಡಿಬಂದ. "ದೊಡ್ಡವ್ವಾ, ಬದ್ಕಿವ್ನಿ ಕಣವ್ವಾ!"

ಪುಟ್ಟನಂಜಮ್ಮ ಅವನನ್ನು ಮೇಲಿಂದ ಕೆಳಗೆ ನೋಡಿ ಕೆನ್ನೆಗೊಂದು ಬಿಟ್ಟಳು. "ಬದ್ಕಿರೋನು ಅಂಗ್ಯಾಕ್ಲಾ ನಿಂತಿದ್ದೆ ಅಲ್ಲಿ?"

ಕಂಪ್ಯೂಟರಿನಲ್ಲಿ ಅನುಶ್ರೀ ಎಲ್ಲವನ್ನೂ ನೋಡುತ್ತಿದ್ದರು. ಹೆಂಡತಿಗಿದ್ದ ಒಂದೇ ಒಂದು ದಾರಿಯನ್ನೂ ತಾನೇ ಮುಚ್ಚಿದೆನೆಂದು ವೃಷಭೇಂದ್ರ ಸಗಣಿ ಕೈಯಲ್ಲೇ ಹಣೆ ಬಡಿದುಕೊಂಡ. ಕೆನ್ನೆಯ ಉರಿ ಆ ಸಂಕಟದ ಮುಂದೆ ಏನೂ ಅಲ್ಲ.

ಶಿವರಂಜನಿ ಕಂಪ್ಯೂಟರಿನ ಕಡೆ ತಿರುಗಿದಳು. "ಮೇಡಂ, ನಾನು ಬರೆದಿದ್ದೂ ಇದನ್ನೇ. ದೊಡ್ಡತ್ತೆ ಫ್ಲೆಕ್ಸಿನ ಒಂದು ತುಂಡು ನೋಡಿ ನಮ್ಮ ಯಜಮಾನರನ್ನ ಸಾಯಿಸಿದ್ರು. ಯಜಮಾನರು ಫಲಿತಾಂಶದ ಒಂದು ತುಂಡು ನೋಡಿ ಫ್ಲೆಕ್ಸ್ ಹಾಕಿಸಿದ್ರು. ನಾನೂ ಅಷ್ಟೇ, ತಿದ್ದಿ ತೋರಿಸಿದ ಆ ಚೂರಿಗೇ ಹೊಂದೋ ಹಾಗೆ ಲೆಕ್ಕ ಬದಲಾಯಿಸಿ ಬದಲಾಯಿಸಿ ಬಿದ್ದೆ."

ಅನುಶ್ರೀ ನಗು ತಡೆಯಲಾರದೆ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. "ಗೆದ್ದೋರು ಬೇಕಾದಷ್ಟು ಜನ ಸಿಗ್ತಾರಮ್ಮ. ಯಾಕೆ ಬಿದ್ದೆ ಅಂತ ಹೀಗೆ ಬಿಡಿಸಿ ಹೇಳೋರು ಸಿಗಲ್ಲ."

ಕೆಲಸ ಸಿಕ್ಕಿತು, ಮನೆಯಿಂದಲೇ ಮಾಡುವಂಥದ್ದು. ಅವಳು ಕೆಲಸ ಶುರು ಮಾಡಿದ ದಿನ ವೃಷಭೇಂದ್ರ ಏಣಿ ಹಾಕಿ ತನ್ನನ್ನು ತಾನೇ ಕೆಳಗಿಳಿಸಿ, ಬಾಡಿದ ಹಾರವನ್ನು ಕೈಯಲ್ಲಿ ಹಿಡಿದು ಬಂದು ಬಾಗಿಲಲ್ಲಿ ನಿಂತ.

"ಅಂತೂ ನನ್ ಫ್ಲೆಕ್ಸಿಂದ್ಲೇ ನಿಂಗೆ ಕೆಲ್ಸ ಸಿಕ್ತು. ಅಲ್ವಾ?"

ಶಿವರಂಜನಿ ಕಂಪ್ಯೂಟರಿನಿಂದ ತಲೆ ಎತ್ತಲಿಲ್ಲ. "ಫ್ಲೆಕ್ಸಿಂದ ಅಲ್ಲ ಕಣ್ರೀ, ನಿಮ್ ಸಾವಿಂದ. ಬಾಗ್ಲು ಮುಚ್ಕಂಡ್ ಓಗಿ, ಮೀಟಿಂಗ್ ಅದೆ."

ಅವನು ಮೆಲ್ಲಗೆ ಬಾಗಿಲೆಳೆದುಕೊಂಡು ಹಿತ್ತಿಲಿಗೆ ಹೋಗಿ ಹಾರವನ್ನು ಹಸುವಿನ ಮುಂದೆ ಹಿಡಿದ. ಅದು ಮೂಸಿ ನೋಡಿ, ಮುಖ ತಿರುಗಿಸಿಕೊಂಡಿತು.