ಮೋರಿಗೆ ಬಾಗಿನ

ನದಿ ನೀರಿನ ವಿಷಯದಲ್ಲಿ ನಾಯಂಡಹಳ್ಳಿಯ ನೆಲಜಲ ಸ್ವಾಭಿಮಾನ ಸಮಿತಿಯು ಎಂದೂ ರಾಜಿ ಮಾಡಿಕೊಂಡದ್ದಿಲ್ಲ. ನೆರೆರಾಜ್ಯಕ್ಕೆ ನೀರು ಬಿಡಬೇಕೆಂದು ಆದೇಶ ಬಂದಾಗಲೆಲ್ಲ ಸಮಿತಿಯು ಮೈಸೂರು ರಸ್ತೆಯಲ್ಲಿ ಟೈರು ಸುಟ್ಟಿದೆ, ಖಾಲಿ ಬಿಂದಿಗೆ ಪ್ರದರ್ಶಿಸಿದೆ, ಮಧ್ಯಾಹ್ನ ಚಿತ್ರಾನ್ನ ತಿಂದು ಶಾಂತಿಯುತವಾಗಿ ಚದುರಿದೆ. ಮಾರನೆಯ ದಿನ ನೀರು ಎಂದಿನಂತೆ ಹರಿದಿದೆ. ಈ ವ್ಯವಸ್ಥೆಯ ಬಗ್ಗೆ ಯಾರ ತಕರಾರೂ ಇರಲಿಲ್ಲ.

ಸಮಿತಿಯ ಸ್ಥಾಪಕ ಮತ್ತು ಆಜೀವ ಅಧ್ಯಕ್ಷರು ಕೆಂಚಪ್ಪನವರು. ಅವರ ತಾತ ರಾಗಿ ಬೆಳೆದ ಹೊಲದಲ್ಲಿ ಈಗ ಅವರ ಬಾಡಿಗೆ ಮನೆಗಳೂ ಒಂದು ಹಾಸಿಗೆ ಗೋಡೌನೂ ಬೆಳೆದು ನಿಂತಿವೆ. ಕಾವೇರಿ ಎಂದರೆ ಸಾಕು, ಅವರಿಗೆ ಕಣ್ಣಲ್ಲಿ ನೀರು ಬರುತ್ತದೆ. ನಲ್ಲಿಯಲ್ಲಿ ಬರುವುದಿಲ್ಲ, ಅದಕ್ಕೆ ಟ್ಯಾಂಕರ್ ಇದೆ.

ಒಂದು ಸಂಜೆ ಸಮಿತಿಯ ಕಾರ್ಯದರ್ಶಿ ಗಿರಿರಾಜ್ ಮೊಬೈಲಿನಲ್ಲಿ ನಕ್ಷೆ ತೆರೆದುಕೊಂಡು ಓಡಿ ಬಂದ.

"ಅಣ್ಣಾ, ದೊಡ್ಡ ಮೋಸ ಆಗೋಗಿದೆ. ನಮ್ಮ ರಸ್ತೆ ಮೋರಿ ಎಲ್ಲಿಗೆ ಹೋಗುತ್ತೆ ಹೇಳಿ?"

"ವೃಷಭಾವತಿಗೆ."

"ವೃಷಭಾವತಿ?"

"ಕೆಂಗೇರಿಗೆ," ಎಂದರು ಕೆಂಚಪ್ಪ. ಅವರ ಭೂಗೋಳ ಅಲ್ಲಿಗೆ ಮುಗಿಯುತ್ತಿತ್ತು.

ಗಿರಿರಾಜ್ ಬೆರಳಿನಿಂದ ನಕ್ಷೆಯನ್ನು ಮೆಲ್ಲಗೆ ತಳ್ಳಿದ. ವೃಷಭಾವತಿ ಕೆಂಗೇರಿ ದಾಟಿತು, ಬಿಡದಿಯ ಪಕ್ಕ ಹಾದು ಅರ್ಕಾವತಿಗೆ ಸೇರಿತು. ಅರ್ಕಾವತಿ ಸಂಗಮದಲ್ಲಿ ಕಾವೇರಿಗೆ ಬಿತ್ತು. ಕಾವೇರಿ ಗಡಿ ದಾಟಿತು.

ಕೆಂಚಪ್ಪನವರ ಮುಖ ಬಾಡಿತು. "ಅಂದ್ರೆ, ಬೆಳಗ್ಗೆ ನಾನು ಸ್ನಾನ ಮಾಡಿದ್ದು?"

"ಅವರಿಗೇ ಅಣ್ಣಾ."

"ನಿಮ್ಮತ್ತಿಗೆ ಪಾತ್ರೆ ತೊಳೆದಿದ್ದು?"

"ಅದೂನೂ."

ಮುಂದಿನದನ್ನು ಕೇಳುವ ಧೈರ್ಯ ಅವರಿಗಾಗಲಿಲ್ಲ. ಇಷ್ಟು ವರ್ಷ ತಾವು ರಸ್ತೆಯ ಮೇಲೆ ಧಿಕ್ಕಾರ ಕೂಗುತ್ತಿದ್ದರೆ, ರಸ್ತೆಯ ಕೆಳಗೆ ತಮ್ಮದೇ ಮನೆಯ ನೀರು ಸದ್ದಿಲ್ಲದೆ ಹೋಗಿ ಶತ್ರುಪಾಳೆಯ ಸೇರುತ್ತಿತ್ತು.

ತುರ್ತು ಸಭೆ ಸೇರಿತು. ನಿರ್ಣಯ ಹೀಗಿತ್ತು: "ನಾಯಂಡಹಳ್ಳಿಯ ಜನರ ಬೆವರಿನಿಂದಲೂ ಸಾಬೂನಿನಿಂದಲೂ ಉತ್ಪತ್ತಿಯಾದ ನೀರಿನ ಮೇಲೆ ನಾಯಂಡಹಳ್ಳಿಗೇ ಪ್ರಥಮ ಹಕ್ಕು. ಸದರಿ ನೀರಿನಲ್ಲಿ ಒಂದು ತೊಟ್ಟನ್ನೂ ಹೊರಗೆ ಬಿಡತಕ್ಕದ್ದಲ್ಲ." ಆ ಕೂಡಲೇ ರಸ್ತೆಯ ತುದಿಯಲ್ಲಿ, ಮೋರಿಯ ಬಾಯಿಗೆ ಮರಳಿನ ಚೀಲ ಪೇರಿಸಿ ಗಿಡಿಯಲಾಯಿತು.

ನೀರು ನಿಂತಿತು. ಆಮೇಲೆ ಏರಿತು. ಆಮೇಲೆ ರಸ್ತೆಗೆ ಬಂತು. ಗಿರಿರಾಜ್ ಲೈಟು ಕಂಬಕ್ಕೆ ಬಣ್ಣದಲ್ಲಿ ಗರಿಷ್ಠ ಮಟ್ಟದ ಗೆರೆ ಎಳೆದು, ದಿನವೂ ಬೆಳಗ್ಗೆ ವಾಟ್ಸಾಪ್ ಗುಂಪಿನಲ್ಲಿ ಪ್ರಕಟಿಸತೊಡಗಿದ: "ಇಂದಿನ ಒಳಹರಿವು ಉತ್ತಮ. ಹೊರಹರಿವು ಶೂನ್ಯ." ಜನ ಅದಕ್ಕೆ ಕೈಮುಗಿದ ಚಿತ್ರ ಹಾಕಿದರು. ಮೂಗಿಗೆ ಬಟ್ಟೆ ಕಟ್ಟಿಕೊಂಡೇ ಹಾಕಿದರು.

ತಗ್ಗಿನ ಕೋಣೆಯಲ್ಲಿ ಬಾಡಿಗೆಗಿದ್ದ ಫಕೀರೇಶ ಬಂದ. ಬಾಗಲಕೋಟೆ ಕಡೆಯವನು, ಬೈಕಿನಲ್ಲಿ ಮನೆಮನೆಗೆ ಊಟ ತಲುಪಿಸುವ ಕೆಲಸ.

"ಯಜಮಾನ್ರ, ಮನಿಯಾಗ ಮೋರಿ ನೀರು ಬಂದೈತ್ರೀ."

"ಮೋರಿ ನೀರು ಅನ್ಬಾರ್ದಪ್ಪಾ. ಹಿನ್ನೀರು ಅನ್ಬೇಕು. ನೀನೀಗ ಮುಳುಗಡೆ ಸಂತ್ರಸ್ತ."

"ಊರಾಗೂ ಮುಳುಗಡಿ ಆಗಿತ್ರೀ ನಮ್ಮದು. ಅಲ್ಲಿ ಪರಿಹಾರ ಕೊಟ್ಟಿದ್ರು."

"ಉಪಸಮಿತಿ ಮಾಡ್ತೀವಿ," ಎಂದರು ಕೆಂಚಪ್ಪ. ಆ ಕಡೆ ಮಹಡಿ ಮನೆಗಳ ಮುಂದೆ 'ಜಲಾಶಯ ನೋಟವುಳ್ಳ ಮನೆ ಬಾಡಿಗೆಗಿದೆ' ಎಂಬ ಹೊಸ ಬೋರ್ಡನ್ನು ಅವರೇ ತೂಗುಹಾಕಿಸಿದ್ದರು.

ಯಾರೋ ದೂರು ಕೊಟ್ಟದ್ದರಿಂದ ಒಬ್ಬ ಇಂಜಿನಿಯರ್ ಬಂದರು. ಕರವಸ್ತ್ರದ ಹಿಂದಿನಿಂದ ಪರಿಶೀಲಿಸಿ ವಿವರಿಸಿದರು: "ನೋಡಿ ಸಾರ್, ಮೋರಿ ತಾನಾಗೇ ಕಟ್ಟಿಕೊಂಡ್ರೆ ಬಿಡಿಸೋದು ನಮ್ಮ ಕೆಲಸ. ನೀವು ಕಟ್ಟಿದ್ರೆ ಅದು ಅಣೆಕಟ್ಟು. ಇಲಾಖೆ ಬೇರೆ." ಹಾಗೆಂದು ಷರಾ ಬರೆದು, ಪ್ಯಾಂಟು ಮಡಿಚಿಕೊಂಡು ಹೊರಟರು.

ನೀರು ಕಂಬದ ಮೇಲಿನ ಗೆರೆ ಮುಟ್ಟಿದ ದಿನ, ಜಲಾಶಯ ತುಂಬಿದಾಗ ಬಾಗಿನ ಅರ್ಪಿಸುವುದು ಸಂಪ್ರದಾಯವೆಂದು ಗಿರಿರಾಜ್ ನೆನಪಿಸಿದ. ಕೆಂಚಪ್ಪನವರು ರೇಷ್ಮೆ ಪಂಚೆ ಉಟ್ಟರು. ಅವರ ಹೆಂಡತಿ ಅಂಜನಮ್ಮ ಮೊರ ಹಿಡಿದು ನಿಂತರು.

"ನಮ್ಮ ವಂಶದಲ್ಲಿ ಮೋರಿಗೆ ಬಾಗಿನ ಕೊಟ್ಟೋರು ಯಾರೂ ಇಲ್ಲ ಕಣ್ರೀ."

"ಈಗ ಇದೀವಲ್ಲ. ಉಸಿರು ಬಿಗಿ ಹಿಡ್ಕೊಂಡು ಬಿಡೇ."

ಅರಿಸಿನ, ಕುಂಕುಮ, ಬಳೆ, ಎಲ್ಲವನ್ನೂ ಹೊತ್ತ ಮೊರ ತೇಲುತ್ತಾ ಹೋಗಿ ಗೋಡೌನಿನ ಶಟರಿಗೆ ತಾಗಿತು. ಒಳಗೆ ಹಾಸಿಗೆಗಳು ಬಹಳ ಹಿಂದೆಯೇ ತೇಲತೊಡಗಿದ್ದವು. ಅದೇ ಸಂಜೆ ಮಗಳು ಕುಸುಮಾ ಫೋನು ಮಾಡಿದಳು. ತುಂಬಿದ ಬಸುರಿ, ಮುಂದಿನ ವಾರ ತವರಿಗೆ ಬರಬೇಕಾದವಳು.

"ಅಪ್ಪಾ, ಟಿವೀಲಿ ನೋಡ್ದೆ. ಬಾಣಂತನ ಇಲ್ಲೇ ಆಗ್ಲಿ, ಅಲ್ಲಿಗೆ ಬರಲ್ಲ. ಮಗೂಗೆ ಹೆಸರಿಡೋ ಮುಂಚೆ ಮಲೇರಿಯಾ ಬರುತ್ತೆ."

ಕೆಂಚಪ್ಪನವರಿಗೆ ರಾತ್ರಿ ಮುದ್ದೆ ಇಳಿಯಲಿಲ್ಲ. ಆದರೆ ನಾಡು ದೊಡ್ಡದು, ಬಾಣಂತನ ಚಿಕ್ಕದು ಎಂದು ಅಂಜನಮ್ಮನಿಗೆ ಹೇಳಿದರು. ಅಂಜನಮ್ಮ ಮಾತು ಬಿಟ್ಟರು.

ಇಂಥ ಹೊತ್ತಿನಲ್ಲಿ ನೆರೆರಾಜ್ಯದವರು ಬಂದರು. ಬಂದವರು ಒಬ್ಬರೇ. ಹೆಸರು ಚಿಕ್ಕಣ್ಣ. ಗಡಿಯಾಚೆ ಹೊಳೆದಂಡೆಯಲ್ಲಿ ಜಮೀನು, ಮನೆಮಾತು ಕನ್ನಡ. ಕೆಂಗೇರಿಯಲ್ಲಿದ್ದ ಮಗಳ ಮನೆಗೆ ಬಂದಿದ್ದವರು ಟಿವಿ ನೋಡಿ, ಪಂಚೆ ಎತ್ತಿ ಕಟ್ಟಿ, ಹಿನ್ನೀರಿನಲ್ಲಿ ನಡೆದು ಬಂದಿದ್ದರು. ಸಮಿತಿಯ ಹುಡುಗರು ತೋಳೇರಿಸಿದರು. ಚಿಕ್ಕಣ್ಣ ಚೀಲದಿಂದ ಒಂದು ಶಾಲು ತೆಗೆದು ಕೆಂಚಪ್ಪನವರಿಗೆ ಹೊದಿಸಿದರು.

"ಪುಣ್ಯಾತ್ಮರು ಸ್ವಾಮಿ ನೀವು. ಈ ಊರಿನ ಕೊಚ್ಚೆ ಬಂದು ನಮ್ಮ ಹೊಳೇಲಿ ನೊರೆ ಏಳ್ತಿತ್ತು. ನಿಲ್ಲಿಸಿ ನಿಲ್ಲಿಸಿ ಅಂತ ಅರ್ಜಿ ಹಾಕಿ ಸಾಕಾಗೋಗಿತ್ತು. ಯಾರೂ ನಿಲ್ಲಿಸ್ಲಿಲ್ಲ. ನೀವೊಬ್ರು ನಿಲ್ಲಿಸಿದ್ರಿ."

ಕೆಂಚಪ್ಪನವರು ಶಾಲಿನ ಅಂಚನ್ನು ಸವರಿ ನೋಡಿದರು. ಅವರಿಗೆ ಈವರೆಗೆ ಬಿದ್ದ ಶಾಲುಗಳನ್ನೆಲ್ಲ ಅವರೇ ಕೊಂಡು ತಂದಿದ್ದರು. ಇನ್ನೊಬ್ಬರು ತಂದು ಹೊದಿಸಿದ್ದು ಇದೇ ಮೊದಲು. ಹಿತವಾಗಿತ್ತು. ಚಿಕ್ಕಣ್ಣನ ಕೈಹಿಡಿದು ಕೂರಿಸಿ ಕಾಫಿ ತರಿಸಿದರು.

ಗಿರಿರಾಜ್ ಕಿವಿಯಲ್ಲಿ ಉಸುರಿದ: "ಅಣ್ಣಾ, ಅವರಿಗೆ ಖುಷಿ ಆಗಿದೆ."

ಕಾಫಿ ಲೋಟ ಅರ್ಧದಲ್ಲೇ ನಿಂತಿತು. ಕೆಂಚಪ್ಪನವರಿಗೆ ಅಪಾಯ ಅರ್ಥವಾಯಿತು. ನೆರೆರಾಜ್ಯಕ್ಕೆ ಸಂತೋಷ ತರುವ ಯಾವುದೇ ಕ್ರಮ ನಾಡದ್ರೋಹವೆಂದು ಸಮಿತಿಯ ನಿಯಮಾವಳಿಯಲ್ಲಿ ಅವರೇ ಬರೆಸಿದ್ದರು.

ಸಭೆ ಮತ್ತೆ ಸೇರಿತು. ನೀರು ಬಿಡಬೇಕೆಂದು ಸರ್ವಾನುಮತದಿಂದ ತೀರ್ಮಾನವಾಯಿತು. ನೀರು ಬಿಟ್ಟದ್ದನ್ನು ಪ್ರತಿಭಟಿಸುವುದೂ ನಿಯಮಾವಳಿಯಂತೆ ಕಡ್ಡಾಯವಾಗಿದ್ದುದರಿಂದ, ಬಂದ್‌ಗೂ ಅದೇ ಸಭೆಯಲ್ಲಿ ಕರೆ ಕೊಡಲಾಯಿತು. ಬೆಳಗ್ಗೆ ಕೆಂಚಪ್ಪನವರು ನಿಂತು ಚೀಲ ತೆಗೆಸಿದರು. ತಿಂಡಿಯ ನಂತರ ಅದೇ ಕೈಯಲ್ಲಿ ಮೈಕು ಹಿಡಿದು ಮೈಸೂರು ರಸ್ತೆಯಲ್ಲಿ ಕುಳಿತರು.

"ನೀವೇ ಬಿಟ್ಟು ನೀವೇ ಯಾಕ್ರೀ ಕೂಗಾಡ್ತೀರಾ?" ಎಂದು ಅಂಜನಮ್ಮ ಕೇಳಿದರು. ಮೋರಿ ಹರಿದದ್ದೇ ತಡ, ಕುಸುಮಾ ಬರಲು ಒಪ್ಪಿದ್ದಳು. ಅಂಜನಮ್ಮನಿಗೂ ಮಾತು ಬಂದಿತ್ತು.

"ದೊಡ್ಡೋರೆಲ್ಲ ಹೀಗೇ ಕಣೇ ಮಾಡೋದು. ಬಿಡೋದು ಅನಿವಾರ್ಯ, ಕೂಗೋದು ಕರ್ತವ್ಯ."

ರಸ್ತೆ ತಡೆಯಿಂದ ಆರ್ಡರುಗಳಿಲ್ಲದೆ ಫಕೀರೇಶನೂ ಬಂದು ಕುಳಿತ. ಬಸ್ಸು ಸಿಗದೆ ಊರಿಗೆ ಹೋಗಲಾರದ ಚಿಕ್ಕಣ್ಣನನ್ನೂ ಯಾರೋ ಕರೆದು ಮುಂದಿನ ಸಾಲಿನಲ್ಲಿ ಕೂರಿಸಿದರು. ಘೋಷಣೆ ಶುರುವಾಯಿತು. ಸಮಿತಿಯವರು ಚಿತ್ರಾನ್ನದ ಪಾತ್ರೆಯ ಕಡೆ ಕಣ್ಣಿಟ್ಟು ಒಣದನಿಯಲ್ಲಿ ಕೂಗಿದರು. ಚಿಕ್ಕಣ್ಣ ಮಾತ್ರ ಎದ್ದು ನಿಂತು, ಕಣ್ಣಲ್ಲಿ ನೀರು ಸುರಿಸುತ್ತಾ, ಎದೆ ಬಡಿದುಕೊಂಡು ಕೂಗಿದರು:

"ಬಿಡಬೇಡಿ ಸ್ವಾಮಿ! ನೆರೆರಾಜ್ಯಕ್ಕೆ ಒಂದು ತೊಟ್ಟೂ ಬಿಡಬೇಡಿ!"

ಜನ ಬೆರಗಾಗಿ ಚಪ್ಪಾಳೆ ತಟ್ಟಿದರು. ಅಷ್ಟು ಮನಸ್ಸಿಟ್ಟು ಕೂಗಿದವರು ಸಮಿತಿಯ ಚರಿತ್ರೆಯಲ್ಲೇ ಇರಲಿಲ್ಲ. ಅವರನ್ನು ಅಲ್ಲೇ, ಚಿತ್ರಾನ್ನ ಬಡಿಸುವ ಮೊದಲೇ, ಗಡಿ ಘಟಕದ ಅಧ್ಯಕ್ಷರನ್ನಾಗಿ ಅವಿರೋಧವಾಗಿ ಆರಿಸಲಾಯಿತು.